ಬೆಳ್ಳಿಯಪ್ಪ ಆಮೆಗಳಿಗೆ ಕಟ್ಟಿದ ದಾರ

ಕಳಸದ ಪೇಟೆಯಲ್ಲಿ ಬೆಳ್ಳಿಯಪ್ಪನಷ್ಟು ಕೆಟ್ಟ ಟೈಲರು ಇನ್ನೊಬ್ಬನಿರಲಿಲ್ಲ. ಅವನಿಗಿಂತ ಒಳ್ಳೆಯವನೂ ಇರಲಿಲ್ಲ, ಯಾಕೆಂದರೆ ಇದ್ದವನು ಅವನೊಬ್ಬನೇ. ಗಂಗಾಧರಪ್ಪನ ದಿನಸಿ ಅಂಗಡಿಯ ಜಗುಲಿಯಲ್ಲಿ ಕೈಮೆಷಿನ್ನು ಇಟ್ಟುಕೊಂಡು ಕೂತು ತೋಟದ ಆಳುಗಳ ಚಡ್ಡಿ, ಹೆಂಗಸರ ರವಿಕೆ, ಶಾನುಭೋಗರ ಕೋಟು ಎಲ್ಲವನ್ನೂ ಒಂದೇ ಧೈರ್ಯದಿಂದ ಕತ್ತರಿಸುತ್ತಿದ್ದ. ಹಳ್ಳದಕಾನು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಶೇಷಪ್ಪನವರಿಗೆ ಅವನು ಹೊಲಿದುಕೊಟ್ಟ ಪ್ಯಾಂಟಿನ ಎಡಗಾಲು ನೆಲ ಗುಡಿಸುತ್ತಿತ್ತು, ಬಲಗಾಲು ಏಡಿ ಹಿಡಿಯಲು ಹಳ್ಳಕ್ಕಿಳಿದವರ ಹಾಗೆ ಮೇಲೇರಿತ್ತು. ರೈಟರು ಜಗಳಕ್ಕೆ ಬಂದಾಗ ಬೆಳ್ಳಿಯಪ್ಪ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ನೀವು ಇಳಿಜಾರಲ್ಲಿ ಓಡಾಡೋರು ರೈಟ್ರೇ. ತೋಟಕ್ಕೆ ಹೋಗಿ ಗುಡ್ಡಕ್ಕೆ ಅಡ್ಡ ನಿಂತು ನೋಡಿ, ಎರಡೂ ಸಮ ಆಗ್ತದೆ" ಎಂದ. ರೈಟರು ಹೋಗಿ ನಿಂತು ನೋಡಿದರಂತೆ. ಸಮವಾಯಿತಂತೆ. ಆದರೆ ವಾಪಸು ಬರುವಾಗ ಇನ್ನೂ ಹಾಳಾಗಿ ಕಂಡಿತಂತೆ.

ಅಳತೆಗೂ ಬೆಳ್ಳಿಯಪ್ಪನಿಗೂ ಆಗಿಬರುತ್ತಿರಲಿಲ್ಲ, ನಿಜ. ಆದರೆ ಅವನು ಹಾಕಿದ ಹೊಲಿಗೆ ಬಿಡುತ್ತಿರಲಿಲ್ಲ. ಬಟ್ಟೆ ಜೀರ್ಣವಾಗಿ ಮಸಿಬಟ್ಟೆಯಾಗಿ ಒಲೆಕಟ್ಟೆ ಸೇರಿದ ಮೇಲೂ ಹೊಲಿಗೆ ಮಾತ್ರ ಕೂತಲ್ಲೇ ಕೂತಿರುತ್ತಿತ್ತು. "ಮನುಷ್ಯ ಸಾಯ್ತಾನೆ, ಬಟ್ಟೆ ಸಾಯ್ತದೆ, ಬೆಳ್ಳಿಯಪ್ಪನ ಹೊಲಿಗೆ ಸಾಯಲ್ಲ" ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬೇರೆ ಯಾರೂ ಹೇಳುತ್ತಿರಲಿಲ್ಲ.

ಅವನ ಹೆಂಡತಿ ಗಿಡ್ಡಮ್ಮ ಹೆಸರಿಗೆ ಮಾತ್ರ ಗಿಡ್ಡಮ್ಮ, ಗಂಡನಿಗಿಂತ ಒಂದು ಗೇಣು ಎತ್ತರ. ಹಳ್ಳದಕಾನು ಎಸ್ಟೇಟಿನಲ್ಲಿ ಕಾಫಿ ಕುಯ್ಯುವ ಕೆಲಸ ಮಾಡುತ್ತಿದ್ದಳು. ತೋಟದ ಬೇಲಿಗೆ ಒತ್ತಿಕೊಂಡೇ ಅವರ ಮನೆ. ಆ ಮನೆಯ ನಿಜವಾದ ಯಜಮಾನ ಒಂದು ಕೆಂಪು ಹುಂಜ. ಬೆಳ್ಳಿಯಪ್ಪ ಅದಕ್ಕೆ ತಾನು ತಿನ್ನುವ ಮೊದಲು ಅನ್ನ ಹಾಕುತ್ತಿದ್ದ, ಕೋಳಿ ಕಾಳಗದ ಅಂಕಕ್ಕೆ ಬಿಟ್ಟರೆ ಗೆದ್ದೇ ಬರುತ್ತದೆಂದು ಊರೆಲ್ಲ ಹೇಳುತ್ತಿದ್ದ, ಆದರೆ ಗಾಯವಾದೀತೆಂದು ಒಮ್ಮೆಯೂ ಅಂಕಕ್ಕೆ ಬಿಟ್ಟಿರಲಿಲ್ಲ. ಹುಂಜ ಬಿಟ್ಟರೆ ಅವನ ಮನಸ್ಸು ಕರಗುತ್ತಿದ್ದುದು ಕಾಡಾಮೆಯ ಸಾರಿಗೆ. ಕೊತ್ತಂಬರಿ, ಕಾಳುಮೆಣಸು ಅರೆದು ಹಾಕಿ, ಒಂದು ಹುಳಿ ಬಿಟ್ಟು ಕುದಿಸಿದ ಆಮೆ ಸಾರಿನ ಮುಂದೆ ಸ್ವರ್ಗ ಎನ್ನುವುದು ಸಂತೆ ಮುಗಿದ ಮೇಲಿನ ಪೇಟೆಯ ಹಾಗೆ ಎಂದು ಅವನ ಅಭಿಪ್ರಾಯ.

ಅಷ್ಟರಲ್ಲಿ ಯುದ್ಧ ಬಂತು. ಎಲ್ಲೋ ಯಾರೋ ಯಾರ ಮೇಲೋ ಬಾಂಬು ಹಾಕಿದ್ದಕ್ಕೆ ಕಳಸದಲ್ಲಿ ಬೆಳ್ಳಿಯಪ್ಪನ ದಾರ ಮುಗಿಯಿತು. ಬಟ್ಟೆಗೆ ಕಂಟ್ರೋಲು, ನೂಲಿಗೆ ಕಂಟ್ರೋಲು. ಜನ ಇದ್ದ ಅಂಗಿಯನ್ನೇ ತಿರುವಿ ಹಾಕಿಕೊಂಡರು. ಬೆಳ್ಳಿಯಪ್ಪ ಜಗುಲಿಯಲ್ಲಿ ಕೂತು ಖಾಲಿ ಮೆಷಿನ್ನು ತಿರುಗಿಸುತ್ತ, ಬರುವವರಿಗೆ ಹೋಗುವವರಿಗೆ ಯುದ್ಧ ಹೇಗೆ ಗೆಲ್ಲಬೇಕೆಂದು ಹೇಳಿಕೊಡುತ್ತಿದ್ದ.

ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಒಂದು ದಿನ ಆ ಜಗುಲಿಗೆ ರಮಾಕಾಂತ ಬಂದ. ಹೊರನಾಡಿನ ಕಡೆಯ ಅಡಿಕೆ ತೋಟದ ಭಟ್ಟರ ಮನೆಯ ಹುಡುಗ. ಮೈಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮೇಷ್ಟ್ರು. ದೀರ್ಘ ರಜೆ ಹಾಕಿ ಬಂದಿದ್ದ. ಯಾಕೆ ಬಂದಿದ್ದಾನೆಂದು ಊರಿನವರು ವಿಚಾರಿಸಿ, ಕಾಡಾಮೆ ದಿನಕ್ಕೆಷ್ಟು ದೂರ ನಡೆಯುತ್ತದೆ, ಎಲ್ಲಿ ಮಲಗುತ್ತದೆ ಎಂದು ತಿಳಿಯಲು ಬಂದಿದ್ದಾನೆಂದು ಗೊತ್ತಾದ ಮೇಲೆ, ಹುಡುಗ ಅತಿಯಾಗಿ ಓದಿಬಿಟ್ಟಿದ್ದಾನೆ ಎಂದು ತೀರ್ಮಾನ ಮಾಡಿದ್ದರು. ಅವನ ಕೈಯಲ್ಲಿ ಒಂದು ಮರದ ಪೆಟ್ಟಿಗೆಯಿತ್ತು. ಮುಚ್ಚಳ ತೆಗೆದರೆ ಒಳಗೆಲ್ಲ ದಾರದ ರೀಲುಗಳು. ಬೆಳ್ಳಿಯಪ್ಪನಿಗೆ ಬಾಯಲ್ಲಿ ನೀರೂರಿತು. ಒಂದು ರೀಲು ಎತ್ತಿ ಎಳೆದು ನೋಡಿದ. ಎಳೆದಷ್ಟೂ ತುಂಡಾಯಿತು.

"ಇದೆಂತ ದಾರ ಮಾರಾಯ್ರೆ? ಸೀನಿದ್ರೆ ಹರೀತದೆ."

"ಹೌದು, ಯಾವುದೋ ಗೋಡೌನಲ್ಲಿ ಕೊಳೆತದ್ದು. ಅದಕ್ಕೇ ನನಗೆ ಸಿಕ್ಕಿದ್ದು. ನನಗೆ ಇಂಥದ್ದೇ ಬೇಕು," ಎಂದ ರಮಾಕಾಂತ. "ಇದನ್ನ ನಿಮ್ಮ ಮೆಷಿನ್ನಿನ ಬಾಬಿನ್ನಿಗೆ ಸುತ್ತಿಕೊಡ್ಬೇಕು. ಆಮೇಲೆ ನನ್ನ ಜೊತೆ ಕಾಡಿಗೆ ಬರ್ಬೇಕು."

ಉಪಾಯ ಹೀಗಿತ್ತು. ಒಂದು ಖಾಲಿ ನಶ್ಯದ ಡಬ್ಬಿಯೊಳಗೆ ದಾರದ ಬಾಬಿನ್ನು. ಡಬ್ಬಿಯನ್ನು ಜೇನುಮೇಣ, ರಾಳ ಬೆರೆಸಿದ ಅಂಟಿನಿಂದ ಆಮೆಯ ಬೆನ್ನ ಹಿಂಭಾಗಕ್ಕೆ ಅಂಟಿಸುವುದು. ದಾರದ ತುದಿಯನ್ನು ಒಂದು ಗಿಡಕ್ಕೆ ಕಟ್ಟಿ, ಆಮೆಯನ್ನು ಹಿಡಿದ ಜಾಗದಲ್ಲೇ ಬಿಟ್ಟುಬಿಡುವುದು. ಅದು ನಡೆದಂತೆ ದಾರ ಬಿಚ್ಚಿಕೊಳ್ಳುತ್ತದೆ. ಮಾರನೆಯ ದಿನ ದಾರ ಹಿಡಿದು ಹೋದರೆ ಅದು ಎಲ್ಲಿ ತಿರುಗಿತು, ಎಲ್ಲಿ ತಿಂದಿತು, ಎಲ್ಲಿ ಮಲಗಿತು ಎಲ್ಲ ಗೊತ್ತಾಗುತ್ತದೆ. ಚಿಪ್ಪಿಗೆ ತೂತು ಕೊರೆಯಬಾರದು, ತಲೆಕೆಳಗು ಹಿಡಿಯಬಾರದು, ಹೊಗೆಸೊಪ್ಪು ಸುಣ್ಣ ತಿಕ್ಕಿದ ಕೈಯಲ್ಲಿ ಮುಟ್ಟಬಾರದು, ಡಬ್ಬಿ ಭಾರವಿರಬಾರದು ಎಂದು ರಮಾಕಾಂತ ಒಂದೊಂದಾಗಿ ಹೇಳಿದ. ದಾರ ಯಾಕೆ ಬಡಕಲಾಗಿರಬೇಕು ಎನ್ನುವುದನ್ನೂ ಹೇಳಿದ. ಅಷ್ಟು ಹೊತ್ತಿಗೆ ಬೆಳ್ಳಿಯಪ್ಪ, ಒಂದು ಆಮೆ ಹಿಡಿದು ಅದನ್ನು ಬಿಟ್ಟುಬಿಡುವುದು ಎನ್ನುವ ಮಾತಿನಲ್ಲೇ ಸಿಕ್ಕಿಕೊಂಡಿದ್ದರಿಂದ ಮುಂದಿನದು ಕಿವಿಗೆ ಬೀಳಲಿಲ್ಲ.

"ಹಿಡಿದ ಮೇಲೆ ಬಿಡೋದಾ?"

"ಬಿಡೋದು."

"ಎಲ್ಲವನ್ನೂ?"

"ಎಲ್ಲವನ್ನೂ."

"ನಿಮ್ಮ ಜಾತಿಯೋರು ಮಾಡೋ ಕೆಲಸವೇ ಸರಿ ಬಿಡಿ," ಎಂದು ನಿಟ್ಟುಸಿರು ಬಿಟ್ಟು ಬೆಳ್ಳಿಯಪ್ಪ ಒಪ್ಪಿಕೊಂಡ.

ಕೆಲವೇ ದಿನಗಳಲ್ಲಿ ಹಳ್ಳದಕಾನು ಎಸ್ಟೇಟಿನ ಅಂಚಿನ ಕಾಡಿನಲ್ಲಿ ಆರೇಳು ಆಮೆಗಳು ನಶ್ಯದ ಡಬ್ಬಿ ಹೊತ್ತು ಓಡಾಡತೊಡಗಿದವು. ರಮಾಕಾಂತ ಅವಕ್ಕೆ ನಂಬರು ಕೊಟ್ಟಿದ್ದ. ಬೆಳ್ಳಿಯಪ್ಪನಿಗೆ ನಂಬರು ನೆನಪಿರುತ್ತಿರಲಿಲ್ಲ. ಹಾಗಾಗಿ ಮುಖ ನೋಡಿ ಹೆಸರಿಟ್ಟ. ಕತ್ತು ಚಾಚಿ ಎಲ್ಲರನ್ನೂ ಅನುಮಾನದಿಂದ ನೋಡುತ್ತಿದ್ದ ದೊಡ್ಡ ಗಂಡಿಗೆ 'ರೈಟರು'. ಬೇರೆ ಆಮೆಗಳಿಗೆ ಚಿಪ್ಪಿನಿಂದ ಗುದ್ದುತ್ತಿದ್ದ ಮುಂಗೋಪಿಗೆ 'ಮೇಸ್ತ್ರಿ'. ನುಣ್ಣಗೆ ಹೊಳೆಯುವ ಚಿಪ್ಪಿನ, ತೋಟದ ದೊರೆಯ ಹೆಂಡತಿಯ ಹಾಗೆ ಯಾರನ್ನೂ ಲೆಕ್ಕಕ್ಕಿಡದೆ ನಡೆದುಹೋಗುವ ಹೆಣ್ಣಿಗೆ 'ದೊರೆಸಾನಿ'.

ಅದು ಆಮೆಗಳಿಗೆ ಬೆದೆಯ ಕಾಲ. ಗಂಡುಗಳ ಮೂಗು, ಕಣ್ಣಿನ ಸುತ್ತ ಕುಂಕುಮ ಹಚ್ಚಿದಂತೆ ಕೆಂಪಾಗಿತ್ತು. ಒಂದು ಸಂಜೆ ಬೆಳ್ಳಿಯಪ್ಪ ಕಾಡಿನಿಂದ ಇಳಿದವನು ಗಂಗಾಧರಪ್ಪನ ಅಂಗಡಿಯಲ್ಲಿ ತುಂಬಿದ ಜನರ ನಡುವೆ ಗಟ್ಟಿಯಾಗಿ ಹೇಳಿದ: "ರೈಟ್ರಿಗೆ ಮಾನ ಮರ್ಯಾದೆ ಇಲ್ಲ ಮಾರಾಯ! ನಿನ್ನೆಯಿಂದ ಹಳ್ಳದ ಬದಿ ದೊರೆಸಾನಿ ಹಿಂದೆ ಸುತ್ತಿದ್ದೇ ಸುತ್ತಿದ್ದು. ಅವಳೋ ಮೂಸಿಯೂ ನೋಡಿಲ್ಲ. ಮುಖ ಎಲ್ಲ ಕೆಂಪಾಗಿದೆ."

ಸುದ್ದಿ ಅವನಿಗಿಂತ ಮೊದಲು ಎಸ್ಟೇಟು ತಲುಪಿತು. ಶೇಷಪ್ಪನವರ ಹೆಂಡತಿ ಅಣ್ಣಮ್ಮ ಅಂದು ಗಂಡನಿಗೆ ಊಟ ಬಡಿಸಲಿಲ್ಲ. ಮಾರನೆಯ ಬೆಳಿಗ್ಗೆ ರೈಟರು ಅದೇ ಮೇಲುಕೆಳಗಿನ ಪ್ಯಾಂಟು ತೊಟ್ಟು ಜಗುಲಿಗೆ ಬಂದಾಗ ಬೆಳ್ಳಿಯಪ್ಪ ಅವರನ್ನು ಕಾಡಿಗೇ ಕರೆದುಕೊಂಡು ಹೋಗಿ ಆಮೆ ತೋರಿಸಬೇಕಾಯಿತು. ಶೇಷಪ್ಪನವರು ಬಗ್ಗಿ ಬಹಳ ಹೊತ್ತು ನೋಡಿದರು. ಆಮೆಯೂ ಕತ್ತು ಚಾಚಿ ಅವರನ್ನು ನೋಡಿತು. "ನನ್ನ ಹಾಗೆ ಏನೂ ಇಲ್ಲ," ಎಂದು ಹೇಳಿ, ಹೆಂಡತಿಗೆ ತೋರಿಸಲು ಅವಳನ್ನೂ ಕರೆತಂದರು. ಅಣ್ಣಮ್ಮ ನೋಡಿದವಳೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅದೇ ಅವರಿಗೆ ಹೆಚ್ಚು ನೋವಾದದ್ದು.

ಬೆಳ್ಳಿಯಪ್ಪನಿಗೆ ಈ ಕೆಲಸದಲ್ಲಿ ಹಿಡಿಸದ ಸಂಗತಿ ಒಂದೇ, ಆ ಕೊಳೆತ ದಾರ. ವಾರಕ್ಕೆ ನಾಲ್ಕು ಸಲ ಎಲ್ಲೋ ನಡುವೆ ತುಂಡಾಗಿ ಆಮೆ ಕಳೆದುಹೋಗುತ್ತಿತ್ತು. ಇಬ್ಬರೂ ಮೊಣಕಾಲೂರಿ ತರಗೆಲೆ ಕೆದಕುತ್ತ ಹುಡುಕಬೇಕು. ದಾರ ಹರಿಯುವುದೆಂದರೆ ಬೆಳ್ಳಿಯಪ್ಪನಿಗೆ ಮೂಗು ಕತ್ತರಿಸಿದ ಹಾಗೆ. ಒಂದು ದಿನ ರಮಾಕಾಂತ ಮನೆಗೆ ಹೋಗಿದ್ದಾಗ ಅವನು ಎಸ್ಟೇಟಿನ ಗೋಡೌನಿನಿಂದ ಕಾಫಿ ಚೀಲ ಹೊಲಿಯುವ ಗೋಣಿದಾರ ತಂದ. ಅದನ್ನು ಸೀಳಿ ತೆಳ್ಳಗೆ ಮಾಡಿ, ಮೇಣ ಎಳೆದು, ಮೇಸ್ತ್ರಿಯ ಡಬ್ಬಿಗೆ ತುಂಬಿದ. ಎಳೆದು ನೋಡಿಕೊಂಡ. ಕೈ ಕುಯ್ದರೂ ದಾರ ಹರಿಯಲಿಲ್ಲ. "ಈಗ ಹೋಗು ನೋಡುವಾ, ಎಲ್ಲಿಗೆ ಹೋಗ್ತಿ" ಎಂದು ಅದರ ಚಿಪ್ಪು ತಟ್ಟಿ ಬಿಟ್ಟ.

ರಮಾಕಾಂತ ಬಂದ ಮೇಲೆ ಇಬ್ಬರೂ ದಾರ ಹಿಡಿದು ಹೊರಟರು. ದಾರ ಎಲ್ಲೂ ತುಂಡಾಗಿರಲಿಲ್ಲ. ಬೆಳ್ಳಿಯಪ್ಪ ಮುಂದೆ ಮುಂದೆ ಎದೆಯುಬ್ಬಿಸಿ ನಡೆದ. ಹಳ್ಳದ ದಂಡೆಯ ಒಂದು ಕಡೆ ದಾರ ಲಂಟಾನದ ಬೊಡ್ಡೆಗೆ ಸುತ್ತಿತ್ತು, ಮತ್ತೆ ಸುತ್ತಿತ್ತು, ಮತ್ತೆ ಮತ್ತೆ ಸುತ್ತಿತ್ತು. ಅದರ ಕೊನೆಯಲ್ಲಿ ಮೇಸ್ತ್ರಿ ದಂಡೆಯಿಂದ ಕೆಳಗೆ ಓರೆಯಾಗಿ ತೂಗುತ್ತಿದ್ದ. ಹಿಂಗಾಲಿಗೆ ದಾರ ಬಿಗಿದು ಚರ್ಮದೊಳಗೆ ಕೂತಿತ್ತು. ಗಾಯಕ್ಕೆ ಕೆಂಜಿಗದ ಇರುವೆಗಳು ಮುತ್ತಿದ್ದವು. ಮುಂಗಾಲುಗಳು ಇನ್ನೂ ಗಾಳಿಯಲ್ಲಿ ಮೆಲ್ಲಗೆ ನಡೆಯುತ್ತಿದ್ದವು.

ರಮಾಕಾಂತ ಕತ್ತರಿ ಕೇಳಿದ. ಬೆಳ್ಳಿಯಪ್ಪ ತೆಗೆದುಕೊಟ್ಟ. ದಾರ ಕತ್ತರಿಸಿ, ಇರುವೆಗಳನ್ನು ಒಂದೊಂದಾಗಿ ಕಿತ್ತು, ಹಳ್ಳದ ನೀರಿನಲ್ಲಿ ಕಾಲು ತೊಳೆದು ರಮಾಕಾಂತ ಆಮೆಯನ್ನು ತೊಡೆಯ ಮೇಲಿಟ್ಟುಕೊಂಡ. ಅದು ಅವನ ಪಂಚೆಯ ಮೇಲೆಲ್ಲ ಉಚ್ಚೆ ಹೊಯ್ದಿತು. ಅವನು ಅಲುಗಾಡಲಿಲ್ಲ.

"ಬೈರಿ ಮಾರಾಯ್ರೆ," ಎಂದ ಬೆಳ್ಳಿಯಪ್ಪ. "ಸುಮ್ಮನಿರ್ಬೇಡಿ."

"ದಾರ ಹರಿದ್ರೆ ನನ್ನ ಕೆಲಸ ಹಾಳಾಗ್ತದೆ, ಅಷ್ಟೆ," ಎಂದ ರಮಾಕಾಂತ. "ಹರೀದಿದ್ರೆ ಇದರ ಜೀವ ಹಾಳಾಗ್ತದೆ. ನಾನು ಇದರ ಮನೆಗೆ ಕೇಳದೆ ಬಂದೋನು, ಬೆಳ್ಳಿಯಪ್ಪ. ಅದಕ್ಕೆ ಬೇಡ ಅಂತ ಕಂಡಾಗ ನನ್ನನ್ನ ಹರ್ಕೊಂಡು ಹೋಗೋಕೆ ಆಗ್ಬೇಕು."

ಮೇಸ್ತ್ರಿಯ ಡಬ್ಬಿಯನ್ನು ಅಲ್ಲೇ ತೆಗೆದರು. ಗಾಯಕ್ಕೆ ಅರಿಶಿನ ಎಣ್ಣೆ ಹಚ್ಚಿ, ಬೆಳ್ಳಿಯಪ್ಪನ ಹಿತ್ತಲಿನಲ್ಲಿ ಬೇಲಿ ಕಟ್ಟಿ ವಾಸಿಯಾಗುವವರೆಗೆ ಇಟ್ಟುಕೊಂಡರು. ಹುಂಜ ಅದರ ಚಿಪ್ಪಿನ ಮೇಲೆ ಹತ್ತಿ ನಿಂತು ಕೂಗುವುದನ್ನು ರೂಢಿ ಮಾಡಿಕೊಂಡಿತು. ಬೆಳ್ಳಿಯಪ್ಪ ದಿನವೂ ಬೆಳಿಗ್ಗೆ ಎದ್ದವನೇ ಆ ಕಾಲನ್ನು ನೋಡುತ್ತಿದ್ದ. ತಾನು ಹೊಲಿದ ಬಟ್ಟೆ ಯಾರಿಗೂ ಸರಿಯಾಗಿ ಕೂರದಿದ್ದಾಗಲೂ ಆಗದಿದ್ದ ನಾಚಿಕೆ ಅವನಿಗೆ ಆ ಕಾಲು ನೋಡಿದಾಗ ಆಗುತ್ತಿತ್ತು. ಅದು ಕುಂಟದೆ ನಡೆದ ದಿನ ಹಳ್ಳದ ದಂಡೆಗೆ ಹೊತ್ತುಕೊಂಡು ಹೋಗಿ ಬಿಟ್ಟು ಬಂದ. ಆಮೇಲೆ ಪ್ರತಿಯೊಂದು ದಾರವನ್ನೂ ತುಂಬುವ ಮೊದಲು ಹಲ್ಲಿನಿಂದಲ್ಲ, ತುಟಿಯಿಂದ ಕಡಿದು ನೋಡುತ್ತಿದ್ದ. ತುಟಿಗೆ ಹರಿದರೆ ಸರಿ.

ಸುಗ್ಗಿಯ ಕೊನೆಗೆ ಇನ್ನೊಂದು ಎಡವಟ್ಟಾಯಿತು. ದೊರೆಸಾನಿಯ ದಾರ ಹಿಡಿದು ಹೊರಟ ರಮಾಕಾಂತನಿಗೆ ದಾರ ಇದ್ದಕ್ಕಿದ್ದಂತೆ ಕಾಡು ಬಿಟ್ಟು ತೋಟದೊಳಗೆ ನುಗ್ಗಿದ್ದು ಕಾಣಿಸಿತು. ಅವನಿಗೆ ಖುಷಿಯೋ ಖುಷಿ. ದಿಕ್ಸೂಚಿ ಹಿಡಿದು ಪ್ರತಿ ತಿರುವನ್ನೂ ಗುರುತು ಹಾಕಿಕೊಂಡ.

"ನೋಡಿ ಬೆಳ್ಳಿಯಪ್ಪ, ಎಷ್ಟು ನೇರ ಹೋಗಿದೆ! ಇಷ್ಟು ದೂರ ಯಾವುದೂ ನಡೆದಿಲ್ಲ. ಅಲ್ಲ, ದಾರ ಯಾಕೆ ಸೊಂಟದೆತ್ತರಕ್ಕೆ ಇದೆ?"

ಬೆಳ್ಳಿಯಪ್ಪ ಕಾಫಿ ಗಿಡದ ರೆಂಬೆಯ ಮೇಲೆ ಹಾಯ್ದುಹೋಗಿದ್ದ ದಾರವನ್ನು ನೋಡಿದ. "ಗಿಡ ಹತ್ತಿರ್ಬೇಕು ಮಾರಾಯ್ರೆ," ಎಂದ.

ದಾರ ತೋಟ ದಾಟಿತು. ಬೇಲಿಯ ತಡಮೆ ದಾಟಿತು. ಒಂದು ಹಿತ್ತಲು ಹೊಕ್ಕಿತು. ಆ ಹಿತ್ತಲಿನಲ್ಲಿ ಒಂದು ಕೆಂಪು ಹುಂಜ ದಾರವನ್ನು ಎರೆಹುಳವೆಂದು ತಿಳಿದು ಕುಕ್ಕುತ್ತಿತ್ತು. ಅಲ್ಲಿಂದ ದಾರ ಹಿಂಬಾಗಿಲಿನ ಹೊಸ್ತಿಲು ಹತ್ತಿ ಅಡಿಗೆಮನೆಗೆ ಹೋಗಿತ್ತು. ಒಳಗೆ ಗಿಡ್ಡಮ್ಮ ಕೊತ್ತಂಬರಿ, ಮೆಣಸು ಅರೆಯುತ್ತಿದ್ದಳು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಒಲೆಯ ಪಕ್ಕ ಅವಳ ತಮ್ಮ ಮಾರಯ್ಯ, ದೇವರಮನೆ ಎಂಬ ಊರಿನ ಕಡೆಯಿಂದ ಅಕ್ಕನ ಮನೆಗೆ ಬಂದವನು, ಕಾಲು ಚಾಚಿ ಕೂತಿದ್ದ. ಅವನ ಪಕ್ಕ ಕವುಚಿಟ್ಟ ಬಿದಿರ ಕುಕ್ಕೆಯ ಕೆಳಗಿನಿಂದ ದಾರ ಹೊರಬಂದಿತ್ತು.

"ಅಯ್ಯೋ, ಭಟ್ರ ಮನೆ ಹುಡುಗ ನಮ್ಮ ಅಡಿಗೆಮನೆಗೆ!" ಎಂದು ಗಿಡ್ಡಮ್ಮ ಎದ್ದು ನಿಂತಳು. ರಮಾಕಾಂತ ಹೊಸ್ತಿಲ ಮೇಲೆ ಬಾಯಿ ತೆರೆದು ನಿಂತಿದ್ದ. ಕೈಯಲ್ಲಿ ದಿಕ್ಸೂಚಿ ಇನ್ನೂ ಒಲೆಯ ಕಡೆಗೇ ತೋರಿಸುತ್ತಿತ್ತು.

ಬೆಳ್ಳಿಯಪ್ಪ ಕುಕ್ಕೆ ಎತ್ತಿದ. ದೊರೆಸಾನಿ ಜೀವಂತವಾಗಿದ್ದಳು. ತಲೆ ಒಳಗೆಳೆದುಕೊಂಡು ಕೂತಿದ್ದಳು.

"ಯಾರೇ ಹೇಳಿದ್ದು ನಿನಗೆ ಇದನ್ನ ಅಡಿಗೆ ಮಾಡೋಕೆ?"

"ಯಾರು ಹೇಳ್ಬೇಕು? ತಮ್ಮ ಬಂದಿದ್ದಾನೆ. ಮನೇಲಿ ಎಂತ ಇದೆ? ತಿಂಗಳಿಂದ ನೀನು ತಂದದ್ದು ದಾರ. ದಾರದ ಪಲ್ಯ ಮಾಡಿ ಹಾಕ್ಲಾ?"

ಮಾತು ಸರಿಯಾಗಿಯೇ ಇತ್ತು. ಬೆಳ್ಳಿಯಪ್ಪ ಕುದಿಯುವ ನೀರನ್ನು ನೋಡಿದ, ಅರೆದ ಮಸಾಲೆಯನ್ನು ನೋಡಿದ, ಆಮೆಯನ್ನು ನೋಡಿದ. ಮೂಗಿಗೆ ಮೆಣಸಿನ ವಾಸನೆ ಬಡಿಯುತ್ತಿತ್ತು. ಸತ್ಯ ಹೇಳಬೇಕೆಂದರೆ ಅವನಿಗೆ ಆ ಹೊತ್ತಿನಲ್ಲೂ ಬಾಯಲ್ಲಿ ನೀರು ಬಂತು. ಆಮೇಲೆ ಅವನು ಹಿತ್ತಲಿಗೆ ಹೋದ. ಹುಂಜದ ಕೂಗು ಅರ್ಧಕ್ಕೆ ನಿಂತಿತು. ತಿರುಗಿ ಬಂದು ಅದನ್ನು ಹೆಂಡತಿಯ ಮುಂದಿಟ್ಟು, ಮನೆಯ ಜಗುಲಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತ. ಗಿಡ್ಡಮ್ಮ ಹುಂಜದ ಪುಕ್ಕ ಕೀಳಲು ಕೂತಳು.

ಊಟಕ್ಕೆ ಮಾರಯ್ಯ ಒಬ್ಬನೇ ಸಂತೋಷವಾಗಿದ್ದ. ಎಲುಬು ಚೀಪುತ್ತ ಜಗುಲಿಗೆ ಕೇಳುವಂತೆ ಹೇಳಿದ: "ನಿಮ್ಮ ದಾರ ಭಾರಿ ಉಪಕಾರ ಆಯ್ತು ಬಾವ. ಮೊದಲಾದ್ರೆ ಆಮೆ ಹುಡ್ಕೋಕೆ ನಾಯಿ ಬೇಕಿತ್ತು. ಈಗ ದಾರ ಹಿಡ್ಕೊಂಡು ಹೋದ್ರಾಯ್ತು, ಕೊನೇಲಿ ಆಮೆ ಇರ್ತದೆ. ಆಳುಗಳ ಲೈನಲ್ಲಿ ಎಲ್ಲರದ್ದೂ ಅದೇ ಮಾತು."

ಅಂಗಳದಲ್ಲಿ ದೊರೆಸಾನಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ರಮಾಕಾಂತನ ಮುಖ ಬಿಳಿಚಿಕೊಂಡಿತು. ಬರಿಗೈಯಲ್ಲಿ ಕಾಡಿಗೆ ಹೋಗುವವನಿಗೆ ತಾನೇ ದಾರಿ ಹಾಕಿಕೊಟ್ಟಂತಾಗಿದೆ ಎಂದು ಅವನಿಗೆ ಹೊಳೆದದ್ದು ಆಗಲೇ. "ನಾಳೆಯೇ ಎಲ್ಲ ಡಬ್ಬಿ ತೆಗೆದುಬಿಡುವಾ," ಎಂದ. "ನನ್ನ ಓದು ಇವುಗಳ ಸಾರಾಗೋದು ಬೇಡ."

ಬೆಳ್ಳಿಯಪ್ಪ ಗೋಡೆಯಿಂದ ಮುಖ ತಿರುಗಿಸಿದ. ಹುಂಜ ಕೊಟ್ಟಾಗಿತ್ತು. ಹುಂಜ ಕೊಟ್ಟ ಮೇಲೆ ಕೆಲಸ ನಿಲ್ಲಿಸುವುದೆಂದರೆ ಹುಂಜ ಸುಮ್ಮನೆ ಸತ್ತ ಹಾಗೆ. ಅವನು ರಮಾಕಾಂತನ ಅಂಗಿಯೊಳಗಿನಿಂದ ಇಣುಕುತ್ತಿದ್ದ ಜನಿವಾರವನ್ನು ನೋಡಿದ. ದೊರೆಸಾನಿಯ ಬೆನ್ನಿನ ದಾರವನ್ನು ನೋಡಿದ. ಮಾರಯ್ಯನನ್ನು ನೋಡಿದ.

"ಮಾರಯ್ಯ, ಆ ದಾರ ಎಂಥದ್ದು ಅಂತ ನಿನಗೆ ಗೊತ್ತಿಲ್ಲ ಅಲ್ವಾ? ಭಟ್ರು ಸುಮ್ಮನೆ ಕಾಡಲ್ಲಿ ಓಡಾಡ್ತಿದ್ದಾರೆ ಅಂತ ತಿಳಿದ್ಯಾ? ಅದು ಜನಿವಾರ ಕಣೋ. ಕೂರ್ಮಾವತಾರದ ವಂಶಕ್ಕೆ ಉಪನಯನ ಮಾಡ್ಸಿದ್ದು. ಅದನ್ನ ತಿಂದ್ರೆ ಬ್ರಹ್ಮಹತ್ಯೆ. ನಾನು ಯಾಕೆ ನನ್ನ ಹುಂಜ ಕೊಯ್ದೆ ಅಂತ ಯೋಚ್ನೆ ಮಾಡು."

ಮಾರಯ್ಯನ ಕೈಯಲ್ಲಿದ್ದ ಎಲುಬು ಎಲೆಯ ಮೇಲೆ ಬಿತ್ತು. ಉಳಿದದ್ದೆಲ್ಲ ಸುಳ್ಳಾದರೂ, ಬೆಳ್ಳಿಯಪ್ಪ ಆ ಹುಂಜ ಕೊಯ್ದದ್ದು ಕಣ್ಣೆದುರಿನ ಸತ್ಯ. ಅಂಥ ಹುಂಜವನ್ನು ಅವನು ಕಡಿಮೆ ಕಾರಣಕ್ಕೆ ಕೊಯ್ಯುವವನಲ್ಲ ಎಂದು ಲೈನಿನಲ್ಲಿ ಎಲ್ಲರೂ ಒಪ್ಪಿದರು. ವಾರದೊಳಗೆ ಆಮೆಗಳ ದಾರವನ್ನು ಮುಟ್ಟುವುದಿರಲಿ, ದಾಟುವವರೂ ಇರಲಿಲ್ಲ. ರಮಾಕಾಂತನಿಗೆ ಸುಳ್ಳು ಹಿಡಿಸಲಿಲ್ಲ, ಆದರೆ ಆಮೆಗಳು ಉಳಿದದ್ದು ಹಿಡಿಸಿತು. ಎರಡನ್ನೂ ತೂಗಿ ನೋಡಿ ಅವನು ಸುಮ್ಮನಿದ್ದ.

ಸುಮ್ಮನಿರಬಾರದಿತ್ತು. ಸ್ವಲ್ಪ ದಿನಕ್ಕೆ ರೈಟರ ದಾರ ನಿಂತುಹೋಯಿತು. ಹೋಗಿ ನೋಡಿದರೆ ಆಮೆ ಒಂದು ಹಲಸಿನ ಮರದ ಬುಡದಲ್ಲಿ ಕೂತಿದೆ. ಅದರ ಮುಂದೆ ಬಾಳೆಹಣ್ಣು, ಹೆಚ್ಚಿದ ಸೌತೆಕಾಯಿ, ಒಂದು ದೊನ್ನೆ ಕೋಸಂಬರಿ. ಚಿಪ್ಪಿಗೆ ಅರಿಶಿನ ಕುಂಕುಮ. ಲೈನಿನ ಜವರಮ್ಮ ಮಗಳಿಗೆ ಗಂಡು ಸಿಗಲೆಂದು ಹರಕೆ ಹೊತ್ತಿದ್ದಳು. ಗಂಡು ಸಿಕ್ಕಿತ್ತು. ಅದು ಗೊತ್ತಾದ ಮೇಲೆ ಹರಕೆಗಳಿಗೆ ಮಿತಿಯಿರಲಿಲ್ಲ. ರೈಟರು ಬೆಳಿಗ್ಗೆ ತಿಂದ, ಮಲಗಿದ, ಸಂಜೆ ಎದ್ದು ಮತ್ತೆ ತಿಂದ. ದಾರ ಒಂದು ಮಾರೂ ಬಿಚ್ಚಿಕೊಳ್ಳಲಿಲ್ಲ.

"ಕಾಡಾಮೆ ಎಷ್ಟು ನಡೀತದೆ ಅಂತ ನೋಡೋಕೆ ಬಂದೆ," ಎಂದ ರಮಾಕಾಂತ ತಲೆ ಮೇಲೆ ಕೈಹೊತ್ತು. "ಈಗ ನಾನೇನು ಬರೀಲಿ? ಸಂತರ್ಪಣೆ ಇದ್ದಲ್ಲಿ ನಡೆಯೋದಿಲ್ಲ ಅಂತ್ಲಾ?"

"ನಿಜವೇ ಅಲ್ವಾ ಮಾರಾಯ್ರೆ? ನಿಮ್ಮವರಲ್ಲೂ ಹಾಗೇ," ಎಂದ ಬೆಳ್ಳಿಯಪ್ಪ.

ಅದೇ ಹೊತ್ತಿಗೆ ಹೊರನಾಡಿನಿಂದ ರಮಾಕಾಂತನ ಸೋದರಮಾವ ಉಮಾಮಹೇಶ್ವರ ಭಟ್ಟರು ಬಿಸಿಲಲ್ಲಿ ಕೆಂಪಾಗಿ ಬಂದಿಳಿದರು. ದೇವಸ್ಥಾನದ ಪಾಕಶಾಲೆ ನೋಡಿಕೊಳ್ಳುವವರು. ಸುದ್ದಿ ಅವರವರೆಗೂ ಹೋಗಿತ್ತು.

"ಯಾರೋ ಉಪನಯನ ಮಾಡ್ಸಿದ್ದು? ಯಾವ ಗೋತ್ರ? ಮಂತ್ರ ಯಾರು ಹೇಳಿದ್ದು?" ಎಂದು ಬೆಳ್ಳಿಯಪ್ಪನ ಅಂಗಳದಲ್ಲೇ ಕೂಗಿದರು.

"ಗೋತ್ರ ಕಶ್ಯಪ," ಎಂದ ಬೆಳ್ಳಿಯಪ್ಪ ತಡವರಿಸದೆ. ಭಟ್ಟರು ಏನೋ ಹೇಳಲು ಹೋದವರು ನಿಂತರು. ಕಶ್ಯಪ ಎಂದರೆ ಆಮೆ ಎಂದೂ ಅರ್ಥವಿದೆ ಎಂದು ಅವರಿಗೆ ಗೊತ್ತಿತ್ತು. ಬೆಳ್ಳಿಯಪ್ಪನಿಗೆ ಗೊತ್ತಿರಲಿಲ್ಲ, ಅವನಿಗೆ ಕೇಳಿ ಗೊತ್ತಿದ್ದ ಗೋತ್ರ ಅದೊಂದೇ.

ರಮಾಕಾಂತ ಮಾವನನ್ನು ಕೂರಿಸಿ, ಮಜ್ಜಿಗೆ ತರಿಸಿಕೊಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ದಾರ, ಡಬ್ಬಿ, ಮಾರಯ್ಯ, ಹುಂಜ, ಕೋಸಂಬರಿ. ಭಟ್ಟರು ಮೊದಲು ಗುರುಗುಟ್ಟಿದರು. ಹುಂಜದ ಕಥೆಗೆ ಮುಖ ಸಿಂಡರಿಸಿದರು. ಕೋಸಂಬರಿಯ ಕಥೆಗೆ ಬಂದಾಗ ಅವರ ಹೊಟ್ಟೆ ಕುಣಿಯತೊಡಗಿತು. ತಲೆತಲಾಂತರದಿಂದ ಅಡಿಗೆಯವರಾಗಿ, ಊಟಕ್ಕೆ ಕೂತ ಬ್ರಾಹ್ಮಣರನ್ನು ಎಬ್ಬಿಸಲಾರದೆ ಸೋತ ಮನೆತನ ಅವರದು.

"ಬ್ರಾಹ್ಮಣ ಅಂತ ಹೇಳಿ ಊಟ ಹಾಕ್ಬೇಡಿ ಅಂದ್ರೆ ಯಾರು ಕೇಳ್ತಾರೆ?" ಎಂದರು ಕಣ್ಣೊರೆಸಿಕೊಂಡು. "ಸನ್ಯಾಸಿಯಾಗಿದ್ರೆ ಬೇರೆ ಮಾತು. ಸನ್ಯಾಸಿ ಒಂದೇ ಕಡೆ ತಳ ಊರ್ಬಾರ್ದು, ತಿರುಗ್ತಾ ಇರ್ಬೇಕು."

ಬೆಳ್ಳಿಯಪ್ಪ ಎದ್ದು ಕುಳಿತ. "ಕಾವಿ ಹಾಕ್ಬೇಕಾ?"

ಆ ಸಂಜೆಯೇ ಅವನು ಕೊಳೆತ ದಾರದ ರೀಲುಗಳನ್ನೆಲ್ಲ ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ ಬೇಲಿಯ ಮೇಲೆ ಒಣಗಿಸಿದ. ಮಾರನೆಯ ದಿನ ಆಮೆಗಳ ಹಿಂದೆ ಕಾವಿ ದಾರ ಹೊರಟಿತು. ಉಪನಯನವಾದವರೆಲ್ಲ ಸನ್ಯಾಸ ತಗೊಂಡರು ಎಂದು ಬೆಳ್ಳಿಯಪ್ಪ ಸಂತೆಯಲ್ಲಿ ಸಾರಿದ.

"ಸನ್ಯಾಸಿಗೂ ಭಿಕ್ಷೆ ಹಾಕ್ಬಹುದಲ್ಲ?" ಎಂದಳು ಜವರಮ್ಮ.

"ಕೇಳಿದ್ರೆ ಹಾಕು. ಇದು ಮೌನವ್ರತ ಹಿಡಿದದ್ದು, ಕೇಳೋದಿಲ್ಲ. ಕೇಳದೆ ಹಾಕಿದ್ರೆ ವ್ರತಭಂಗದ ಪಾಪ ನಿನಗೆ."

ಕೋಸಂಬರಿ ನಿಂತಿತು. ರೈಟರು ಒಂದೆರಡು ದಿನ ಮರದ ಬುಡದಲ್ಲಿ ಕಾದು ನೋಡಿದ. ಮೂರನೆಯ ದಿನ ಬೇಸರದಿಂದ ಎದ್ದು ಹಳ್ಳದ ಕಡೆ ಹೊರಟ. ರಮಾಕಾಂತ ಹಿಂದೆ ಹಿಂದೆ ಕಾವಿ ದಾರ ಹಿಡಿದು ನಡೆದ. ದೂರದಿಂದ ನೋಡಿದವರು ಶಿಷ್ಯ ಸಿಕ್ಕಿದ ಎಂದು ಕೈಮುಗಿದರು.

ಬೇಸಿಗೆ ಮಳೆ ಎರಡು ಬಿದ್ದ ಮೇಲೆ ರಮಾಕಾಂತನ ರಜೆ ಮುಗಿಯಿತು. ಒಂದೊಂದೇ ಆಮೆ ಹಿಡಿದು, ಕೊಬ್ಬರಿ ಎಣ್ಣೆ ಸವರಿ ಅಂಟು ಮೆತ್ತಗೆ ಮಾಡಿ, ಡಬ್ಬಿ ಬಿಡಿಸಿದರು. ದೊರೆಸಾನಿ ಮಾತ್ರ ಸಿಗಲಿಲ್ಲ. ದಾರ ಬಿದಿರಿನ ಮೆಳೆಯ ಹತ್ತಿರ ಹರಿದಿತ್ತು, ಹರಿಯಬೇಕಾದ ಹಾಗೆಯೇ. ಬಸ್ಸು ಹತ್ತುವಾಗ ರಮಾಕಾಂತ, "ಅದರ ಬೆನ್ನ ಮೇಲೆ ಡಬ್ಬಿ ಇದೆ. ಯಾವುದಾದ್ರೂ ಸಂದಿಯಲ್ಲಿ ಸಿಕ್ಕಿಕೊಂಡ್ರೆ..." ಎಂದು ನಿಲ್ಲಿಸಿದ. "ನಾನಿಲ್ವಾ? ನೀವು ಹೋಗಿ ಪಾಠ ಮಾಡಿ," ಎಂದ ಬೆಳ್ಳಿಯಪ್ಪ. ಮೇಷ್ಟ್ರು ಅದನ್ನು ನಂಬಿದಂತೆ ಕಾಣಲಿಲ್ಲ. ಬೆಳ್ಳಿಯಪ್ಪನಿಗೂ ತನ್ನ ಮಾತಿನ ಮೇಲೆ ಅಷ್ಟೇನೂ ನಂಬಿಕೆಯಿರಲಿಲ್ಲ.

ಆದರೂ ಮಳೆಗಾಲವೆಲ್ಲ ಅವನು ಹುಡುಕಿದ. ಮಳೆಗೆ ಎಲೆ ಹೆಣೆದ ಗೊರಬು ಹಾಕಿಕೊಂಡು, ಕಾಲಿಗೆ ಹತ್ತಿ ರಕ್ತ ಕುಡಿಯುವ ಇಂಬಳ ಕೀಳುತ್ತ, ಮೆಳೆಗಳ ಬುಡದಲ್ಲಿ ಬಗ್ಗಿ ಬಗ್ಗಿ ನೋಡಿದ. ಯಾರೂ ಹೇಳಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ಗಿಡ್ಡಮ್ಮ ಮೊದಮೊದಲು ಬೈದಳು. ಆಮೇಲೆ ಅವನಿಗೆ ಎಲೆಯಡಿಕೆ ಕಟ್ಟಿಕೊಡತೊಡಗಿದಳು. ಒಂದು ಸಲ ಅವಳೂ ಜೊತೆಗೆ ಹೋದಳು.

ಕೊನೆಗೆ ಸಿಕ್ಕಿದ್ದು ಅವಳಿಗೇ. ಮುಂದಿನ ಕುಯ್ಲು ಶುರುವಾದ ಕೆಲವು ದಿನಕ್ಕೆ, ಕಾಫಿ ಗಿಡದಡಿ ತಗಡು ಕಲ್ಲಿಗೆ ಉಜ್ಜುವ ಸದ್ದು ಕೇಳಿ ಬಗ್ಗಿದಳು. ಬುಟ್ಟಿ ಅಲ್ಲೇ ಬಿಟ್ಟು, ಆಮೆಯ ಪಕ್ಕ ನೆಲದ ಮೇಲೆ ಕೂತು, ಗಂಡನಿಗೆ ಹೇಳಿಕಳಿಸಿದಳು. ತೋಟದ ಆಳುಗಳ ಮೇಸ್ತ್ರಿ ಚೌಡಯ್ಯ ಬಂದು ಹಲ್ಲು ಕಡಿದರೂ ಏಳಲಿಲ್ಲ. ಬೆಳ್ಳಿಯಪ್ಪ ಎಣ್ಣೆಬಾಟಲಿ ಹಿಡಿದು ಓಡಿಬಂದ. ತುಕ್ಕು ಹಿಡಿದ ಡಬ್ಬಿ ಸುಲಭವಾಗಿ ಬಿಡಲಿಲ್ಲ. ಉಗುರಿನಿಂದ ಕೆರೆದು ಕೆರೆದು, ಅದರ ಮೇಲೊಂದು ಹನಿ ಎಣ್ಣೆ ಬಿಟ್ಟು, ಮತ್ತೆ ಕೆರೆದ. ಡಬ್ಬಿ ಕಳಚಿದ ಜಾಗದಲ್ಲಿ ಚಿಪ್ಪು ಸ್ವಲ್ಪ ಬಿಳುಚಿತ್ತು, ಅಷ್ಟೆ. ನಾಲ್ಕೂ ಕಾಲು ನೋಡಿದ. ಗಾಯವಿರಲಿಲ್ಲ.

"ಸಾರಿಗೆ ಹದವಾಗಿ ಬೆಳೆದಿದೆ ನೋಡು," ಎಂದಳು ಗಿಡ್ಡಮ್ಮ.

"ಬಾಯಿ ಮುಚ್ಚೇ," ಎಂದ ಬೆಳ್ಳಿಯಪ್ಪ. ಇಬ್ಬರೂ ನಕ್ಕರು. ದೊರೆಸಾನಿ ಅವರಿಬ್ಬರನ್ನೂ ಲೆಕ್ಕಕ್ಕಿಡದೆ ಏಲಕ್ಕಿ ಮಲೆಯ ಕಡೆ ನಡೆದುಹೋದಳು.

ರಮಾಕಾಂತನಿಗೆ ತಿಳಿಸಬೇಕಲ್ಲ ಎಂದು ಬೆಳ್ಳಿಯಪ್ಪ ಮೂಡಿಗೆರೆ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದ: ಕಳೆದುಹೋಗಿದ್ದ ದೊರೆಸಾನಿ ಕಾಡಲ್ಲಿ ಸಿಕ್ಕಿದಳು, ಆರೋಗ್ಯವಾಗಿದ್ದಾಳೆ, ಬೆನ್ನಿನ ಭಾರ ಇಳಿಸಿದ್ದೇವೆ, ಮೈಸೂರಿಗೆ ತಿಳಿಸುವುದು. ಕಂಡಕ್ಟರು ಇನ್ನೊಬ್ಬನಿಗೆ ಹೇಳಿದ, ಅವನು ಮತ್ತೊಬ್ಬನಿಗೆ. ಮೈಸೂರಿಗೆ ಆ ಮಾತು ಯಾವ ರೂಪದಲ್ಲಿ ಮುಟ್ಟಿತೋ ತಿಳಿಯದು. ಆದರೆ ವಾರ ಕಳೆಯುವುದರೊಳಗೆ ಪೊಲೀಸಿನವನೊಬ್ಬ ಏದುಸಿರು ಬಿಡುತ್ತ ಗಂಗಾಧರಪ್ಪನ ಜಗುಲಿಗೆ ಬಂದು, ಯಾವ ತೋಟದ ದೊರೆಯ ಹೆಂಡತಿ ಕಾಡಿನಲ್ಲಿ ಕಳೆದುಹೋಗಿದ್ದಳು, ಯಾಕೆ ಠಾಣೆಗೆ ತಿಳಿಸಲಿಲ್ಲ ಎಂದು ಕೇಳಿದ.

ಬೆಳ್ಳಿಯಪ್ಪ ಮೊದಲಿನಿಂದ ಕೊನೆಯವರೆಗೆ ಹೇಳಿದ. ಪೊಲೀಸಿನವನು ಟೋಪಿ ತೆಗೆದು ತಲೆ ಕೆರೆದುಕೊಂಡ.

"ಹಾಗಾದ್ರೆ ಈಗ ಎಲ್ಲಿದ್ದಾಳೆ?"

"ಅದು ಹ್ಯಾಗೆ ಗೊತ್ತಾಗ್ತದೆ ಮಾರಾಯ್ರೆ?" ಎಂದ ಬೆಳ್ಳಿಯಪ್ಪ. "ದಾರ ತೆಗೆದಾಯ್ತಲ್ಲ."

ಪೊಲೀಸಿನವನು ಅಷ್ಟು ದೂರ ಬಂದದ್ದಕ್ಕೆ ಏನಾದರೂ ಆಗಲೆಂದು ತನ್ನ ಅಂಗಿಯಲ್ಲಿ ಬಿಟ್ಟುಹೋದ ಗುಂಡಿ ಹೊಲಿಸಿಕೊಂಡು ಹೋದ.